ಕುದುರೆ ಮರಿಯ ಬೆನ್ನೇರಲು ಇಷ್ಟು ಆತುರ ಏಕೆ?

ಮೊದಲೆಲ್ಲ ನನಗೆ ಬರುತ್ತಿದ್ದ ಫೋನುಗಳು ಜೀವಾಮೃತ, ಎರೆಗೊಬ್ಬರ, ಅಡಿಕೆ ಮರಕ್ಕೆ ಮೆಣಸು ಹಬ್ಬಿಸುವುದು, ಇಷ್ಟರ ಬಗ್ಗೆಯೇ. ಈಚೆಗೆ ನಡುನಡುವೆ ಕುದುರೆಯೂ ಬರ್ತಿದೆ. ನಮ್ಮ ತೋಟದಲ್ಲಿ ಒಂದು ಹೆಣ್ಣು ಕುದುರೆ, ಅದಕ್ಕೆ ಹುಟ್ಟಿದ ಒಂದು ಗಂಡು ಮರಿ ಇರೋದು ಗೊತ್ತಾಗಿ ಜನ ಕೇಳ್ತಾರೆ: "ಒಂದೂವರೆ ವರ್ಷದ ಮಾರ್ವಾರಿ ಮರಿ ನೋಡಿದೀವಿ ಸಾರ್, ಚೆನ್ನಾಗಿ ಎತ್ತರ ಇದೆ. ಯಾವಾಗಿಂದ ಹತ್ತಬಹುದು?"

ಕೇಳುವವರಲ್ಲಿ ಹೋಂಸ್ಟೇ ನಡೆಸುವವರಿದ್ದಾರೆ. ಕೆಲಸ ಬಿಟ್ಟು ಊರಿಗೆ ಬಂದು ಜಮೀನು ಮಾಡುತ್ತಿರುವ ನನ್ನ ವಯಸ್ಸಿನವರಿದ್ದಾರೆ. ಮಕ್ಕಳಿಗೆ ಸವಾರಿ ಕಲಿಸಬೇಕು ಅನ್ನುವವರು, ಜಾತ್ರೆಗೆ, ಮದುವೆ ಮೆರವಣಿಗೆಗೆ ಬಾಡಿಗೆ ಕೊಟ್ಟು ಮೇವಿನ ಖರ್ಚು ಹುಟ್ಟಿಸಬೇಕು ಅನ್ನುವವರೂ ಇದ್ದಾರೆ. ಯಾರ ಆಸೆಯೂ ತಪ್ಪಲ್ಲ. ಆದರೆ ಎಲ್ಲರ ಪ್ರಶ್ನೆಯೂ "ಯಾವಾಗ ಹತ್ತೋದು" ಅನ್ನುವಲ್ಲಿಗೇ ಬಂದು ನಿಲ್ಲುತ್ತೆ.

ನನ್ನ ಉತ್ತರ ಒಂದೇ. ಮೂರು ವರ್ಷ ತುಂಬುವವರೆಗೆ ಬೆನ್ನ ಮೇಲೆ ಮನುಷ್ಯನ ಭಾರ ಬೇಡ. ನಾಲ್ಕು ತುಂಬುವವರೆಗೆ ದುಡಿಮೆ ಬೇಡ. ಅಷ್ಟು ಕಾಯಲು ನಿಮ್ಮ ಕೈಲಿ ಆಗಲ್ಲ ಅಂದರೆ ಮರಿ ತರಲೇಬೇಡಿ, ಪಳಗಿದ ದೊಡ್ಡ ಕುದುರೆಯನ್ನೇ ತನ್ನಿ. ಈ ಮಾತು ಕೆಲವರಿಗೆ ಹಿಡಿಸಲ್ಲ. ಯಾಕೆ ಹೀಗೆ ಹೇಳ್ತೀನಿ ಅನ್ನೋದನ್ನ ಈ ವಾರ ಸ್ವಲ್ಪ ಬಿಡಿಸಿ ಬರೀತೀನಿ.

ಎತ್ತರ ನೋಡಿ ಮೋಸ ಹೋಗಬೇಡಿ

ಕುದುರೆ ಮರಿ ಬಹಳ ಬೇಗ ಉದ್ದವಾಗುತ್ತೆ. ಎರಡು ವರ್ಷಕ್ಕೆಲ್ಲ ಹತ್ತಿರ ಹತ್ತಿರ ಪೂರ್ತಿ ಎತ್ತರ ಬಂದುಬಿಟ್ಟಿರುತ್ತೆ. ನೋಡಿದವರಿಗೆ ದೊಡ್ಡ ಕುದುರೆಯ ಹಾಗೇ ಕಾಣುತ್ತೆ. ಒಳಗೆ ಮೂಳೆ ಮಾತ್ರ ಇನ್ನೂ ಎಳಸು.

ಉದ್ದ ಮೂಳೆಗಳ ತುದಿಯಲ್ಲಿ ಮೆದುವಾದ ಒಂದು ಪದರ ಇರುತ್ತೆ. ತೆಂಗಿಗೆ ಸುಳಿ ಇದ್ದ ಹಾಗೆ ಅಂದುಕೊಳ್ಳಿ, ಬೆಳವಣಿಗೆ ನಡೆಯೋದು ಅಲ್ಲೇ. ಬೆಳವಣಿಗೆ ಮುಗಿದ ಮೇಲೆ ಆ ಪದರ ಗಟ್ಟಿಯಾಗಿ ಮೂಳೆಯಲ್ಲೇ ಕೂಡಿಹೋಗುತ್ತೆ. ಇದು ಎಲ್ಲ ಕಡೆ ಒಟ್ಟಿಗೆ ಆಗಲ್ಲ. ಗೊರಸಿನ ಹತ್ತಿರದ ಚಿಕ್ಕ ಮೂಳೆಗಳಲ್ಲಿ ಸುಮಾರು ಮೊದಲ ವರ್ಷದಲ್ಲೇ ಆಗುತ್ತೆ. ಮುಂಗಾಲಿನ ಮಂಡಿಯ ಮೇಲ್ಭಾಗದಲ್ಲಿ 2ರಿಂದ 2.5 ವರ್ಷ ಹಿಡಿಯುತ್ತೆ. ಹಿಂಗಾಲಿನ ಮೇಲಿನ ಕೀಲುಗಳ ಸುತ್ತ 3 ವರ್ಷದ ಆಚೀಚೆ. ಎಲ್ಲಕ್ಕಿಂತ ಕೊನೆಗೆ ಗಟ್ಟಿಯಾಗೋದು ಬೆನ್ನುಮೂಳೆ, ಅದಕ್ಕೆ 5 ವರ್ಷ ದಾಟಬಹುದು. ನಾವು ಜೀನು ಬಿಗಿದು ಕೂರೋದು ಸರಿಯಾಗಿ ಆ ಜಾಗದ ಮೇಲೆ.

ಹಾಗಾದರೆ 5 ವರ್ಷದವರೆಗೂ ಕಾಯಬೇಕಾ ಅಂತ ಕೇಳಬಹುದು. ಅಷ್ಟು ಬೇಕಾಗಿಲ್ಲ. ಮೂರು ತುಂಬಿದ ಮೇಲೆ ಹಗುರ ಸವಾರನ್ನ ಕೂರಿಸಿ, ಸ್ವಲ್ಪ ಹೊತ್ತು, ನಡಿಗೆಯಲ್ಲೇ ಶುರು ಮಾಡಿದರೆ ಬೆನ್ನಿನ ಸ್ನಾಯು ನಿಧಾನವಾಗಿ ಬಲಿಯುತ್ತೆ. ಒಂದೂವರೆ ಎರಡು ವರ್ಷದ ಮರಿಯ ಮೇಲೆ 80 ಕೆಜಿ ಆಳು ಕೂತು ಟಾರು ರಸ್ತೆಯಲ್ಲಿ ಓಡಿಸೋದು ಬೇರೆ ಮಾತು.

ಕಷ್ಟ ಏನಂದರೆ, ಇದರಿಂದ ಆಗುವ ಪೆಟ್ಟು ಅವತ್ತೇ ಕಾಣಲ್ಲ. ಎರಡು ವರ್ಷದ ಮರಿ ಹೊತ್ತುಕೊಂಡು ಓಡುತ್ತೆ, ವಿಡಿಯೋದಲ್ಲಿ ಚೆನ್ನಾಗೇ ಕಾಣುತ್ತೆ. ನಾಲ್ಕೈದು ವರ್ಷಕ್ಕೆ ಮಂಡಿ ಊದಿಕೊಳ್ಳೋದು, ಬೆನ್ನು ಜೋತು ಬೀಳೋದು, ಎಡಕ್ಕೆ ತಿರುಗು ಅಂದರೆ ತಿರುಗದೆ ನಿಲ್ಲೋದು ಶುರುವಾಗುತ್ತೆ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುತ್ತೆ, ಬಾಲ ಬೀಸುತ್ತೆ, ಹಿಂಗಾಲು ಎತ್ತುತ್ತೆ. ಆಗ ನಮ್ಮವರು ಅದಕ್ಕೆ ಇಡುವ ಹೆಸರು "ಮೊಂಡು ಕುದುರೆ". ನೋವು ಅಂತ ಯಾರಿಗೂ ಹೊಳೆಯಲ್ಲ. ಮೊಂಡುತನಕ್ಕೆ ಮದ್ದು ಅಂತ ಚಾವಟಿ ಬರುತ್ತೆ, ಇನ್ನೂ ಚೂಪಾದ ಕಡಿವಾಣ ಬರುತ್ತೆ. ನಮ್ಮ ಕಡೆ ಹೀಗೆ ಆರನೇ ವಯಸ್ಸಿಗೇ ಮೂಲೆ ಸೇರಿದ ಕುದುರೆಯನ್ನ ನಾನೇ ನೋಡಿದ್ದೀನಿ. ಕುದುರೆ 25 ವರ್ಷ ಬದುಕುವ ಪ್ರಾಣಿ. ಆರಕ್ಕೇ ಕುಂಟಾದರೆ ಮಿಕ್ಕ ಹತ್ತೊಂಬತ್ತು ವರ್ಷ ಅದಕ್ಕೆ ಮೇವು ಹಾಕೋರು ಯಾರು? ಅದು ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ನಾನು ಇಲ್ಲಿ ಬರೆಯಬೇಕಾಗಿಲ್ಲ.

ಎತ್ತು ಪಳಗಿಸಿದವರಿಗೆ ಇದು ಹೊಸದಲ್ಲ

ಇದನ್ನೆಲ್ಲ ಹೇಳಿದರೆ ಪುಸ್ತಕದ ಮಾತು ಅಂತಾರೆ. ನಿಮ್ಮ ಮನೆಯ ಹಿರಿಯರನ್ನ ಕೇಳಿ ನೋಡಿ. ಹಳ್ಳಿಕಾರ್ ಹೋರಿಕರುವನ್ನ ಯಾರೂ ಒಂದೇ ದಿನಕ್ಕೆ ಗಾಡಿಗೆ ಹೂಡ್ತಿರಲಿಲ್ಲ. ಮೊದಲು ಹಗ್ಗಕ್ಕೆ ಒಗ್ಗಿಸಿ, ಆಮೇಲೆ ಮೂಗುದಾರ ಹಾಕಿ, ಪಳಗಿದ ಹಳೇ ಎತ್ತಿನ ಜೊತೆ ನೊಗ ಕಟ್ಟಿ ಬರೀ ನಡೆಸಿ, ಹಗುರವಾದ ಕೊರಡು ಎಳೆಸಿ, ಕೊನೆಗೆ ಗಾಡಿ. ಹಲ್ಲು ನೋಡದೆ ಭಾರ ಹೂಡುವವನನ್ನ ಊರವರೇ ಬೈಯುತ್ತಿದ್ದರು. ಆ ತಾಳ್ಮೆ ನಮ್ಮ ಮನೆಗಳಲ್ಲೇ ಇತ್ತು. ಕುದುರೆ ಅಂದಕೂಡಲೇ ಅದು ಮರೆತುಹೋಗೋದು ಯಾಕೆ?

ತೋಟ ಮಾಡುವವರಿಗೂ ಗೊತ್ತು. ಕಸಿ ಮಾವು ನೆಟ್ಟ ಮಾರನೇ ವರ್ಷವೇ ಹೂ ಬಿಡುತ್ತೆ. ಆ ಹೂವನ್ನ ಮೊದಲ ಎರಡು ಮೂರು ವರ್ಷ ನಾವು ಕಿತ್ತು ಹಾಕ್ತೀವಿ. ನಾಲ್ಕು ಕಾಯಿಯ ಆಸೆಗೆ ಬಿಟ್ಟರೆ ಗಿಡ ಕುಗ್ಗುತ್ತೆ, ಕೊಂಬೆ ಬಲಿಯಲ್ಲ ಅಂತ ಗೊತ್ತು. ಹೂ ಕೀಳುವಾಗ ಕೈ ನಡುಗುತ್ತೆ, ಆದರೂ ಕೀಳ್ತೀವಿ. ಮರಿಯ ಬೆನ್ನ ಮೇಲಿನ ಮೊದಲ ಮೂರು ವರ್ಷವೂ ಹಾಗೇ ಕಿತ್ತು ಹಾಕಬೇಕಾದ ಹೂ.

ಹಲ್ಲಿನ ಮಾತು ಬಂದಿದ್ದರಿಂದ ಒಂದು ಕಿವಿಮಾತು. ಸಾರಂಗಖೇಡದಂಥ ಸಂತೆಯಿಂದಲೋ ದಲ್ಲಾಳಿಗಳ ಕೈಯಿಂದಲೋ ಮರಿ ಕೊಳ್ಳುವಾಗ ವಯಸ್ಸನ್ನ ಬಾಯಿಮಾತಲ್ಲಿ ನಂಬಬೇಡಿ, ಬಾಯಿ ಬಿಡಿಸಿ ನೋಡಿ. ಕುದುರೆಯ ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಬೀಳೋದು ಸುಮಾರು 2.5 ವರ್ಷಕ್ಕೆ, ಅದರ ಪಕ್ಕದ ಜೋಡಿ 3.5ಕ್ಕೆ, ಮೂಲೆಯದು 4.5ಕ್ಕೆ. ಬಾಯಿ ಗೂಡೋದು 5ಕ್ಕೆ. ಹಾಲುಹಲ್ಲು ಚಿಕ್ಕದು, ಬಿಳುಪು, ವಸಡಿನ ಹತ್ತಿರ ಸಣ್ಣಗಾಗಿರುತ್ತೆ. ದೊಡ್ಡ ಹಲ್ಲು ಅಗಲ, ಸ್ವಲ್ಪ ಹಳದಿ, ಮೇಲೆ ಉದ್ದ ಗೀರು. ಮೇಲೂ ಕೆಳಗೂ ನಡುವಿನ ಎರಡು ದೊಡ್ಡ ಹಲ್ಲು ಕಾಣದಿದ್ದರೆ ಮಾರುವವರು "ಮೂರು ವರ್ಷ ತುಂಬಿದೆ" ಅಂತ ಎಷ್ಟೇ ಆಣೆ ಮಾಡಲಿ, ತುಂಬಿಲ್ಲ.

ಕೊಳ್ಳುವ ಮೊದಲು ಗ್ಲಾಂಡರ್ಸ್ ರಕ್ತಪರೀಕ್ಷೆಯ ವರದಿ ಕೇಳಿ. ಇದು ಮನುಷ್ಯರಿಗೂ ಬರುವ ರೋಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಕುದುರೆಗೆ ಇದಕ್ಕೆ ಲಸಿಕೆಯೂ ಇಲ್ಲ, ಚಿಕಿತ್ಸೆಯೂ ಮಾಡಲ್ಲ. ರೋಗ ಖಚಿತವಾದರೆ ಪ್ರಾಣಿಯನ್ನ ಕೊಲ್ಲಲೇಬೇಕಾಗುತ್ತೆ. ಇದರಲ್ಲಿ ಸಂಕೋಚ ಬೇಡ.

ಕಾಯೋದು ಅಂದರೆ ಸುಮ್ಮನೆ ಕಟ್ಟಿ ಹಾಕೋದಲ್ಲ

ಮೂರು ವರ್ಷ ಕಾಯಿರಿ ಅಂದಾಗ ಕೆಲವರು ಇನ್ನೊಂದು ತುದಿಗೆ ಹೋಗ್ತಾರೆ. ಮರಿಯನ್ನ ಗೂಟಕ್ಕೆ ಕಟ್ಟಿ, ಮೇವು ಹಾಕಿ, ಮೂರು ತುಂಬಿದ ದಿನ ಹತ್ತಿ ಕೂರೋಕೆ ಹೋಗ್ತಾರೆ. ಅದು ಇನ್ನೂ ಅಪಾಯ. ಸವಾರಿಯ ಮುಕ್ಕಾಲು ಪಾಲು ಪಾಠ ಬೆನ್ನೇರುವ ಮೊದಲೇ ಆಗಿರಬೇಕು.

ಹುಟ್ಟಿದಾಗಿನಿಂದ 6 ತಿಂಗಳು ಮರಿ ತಾಯಿಯ ಜೊತೆ ಇರಲಿ. ಈ ಕಾಲದ ಪಾಠ ಮುಟ್ಟಿಸಿಕೊಳ್ಳೋದು. ಕುತ್ತಿಗೆ, ಬೆನ್ನು, ಹೊಟ್ಟೆ, ಕಿವಿ, ಕೊನೆಗೆ ನಾಲ್ಕೂ ಕಾಲು. ದಿನಾ ಐದು ನಿಮಿಷ ಸಾಕು. ಕಾಲೆತ್ತಿ ಗೊರಸು ತಟ್ಟೋದನ್ನ ಈಗ ಕಲಿತ ಮರಿ ಮುಂದೆ ಲಾಳ ಕಟ್ಟುವವರಿಗೆ ಒದೆಯಲ್ಲ. ಹಾಲ್ಟರ್, ಅಂದರೆ ಮುಖಕ್ಕೆ ಹಾಕುವ ಹಗ್ಗ ಹಾಕಿ ತಾಯಿಯ ಪಕ್ಕದಲ್ಲೇ ನಡೆಸಿ. ಮರಿಯ ಕುತ್ತಿಗೆ ಎಳಸು, ಎಳೆದಾಡಬೇಡಿ. ಹಗ್ಗ ಸ್ವಲ್ಪ ಬಿಗಿ ಮಾಡಿ ಕಾಯಿರಿ. ಅದು ಒಂದು ಹೆಜ್ಜೆ ನಿಮ್ಮ ಕಡೆ ಇಟ್ಟ ಕ್ಷಣವೇ ಹಗ್ಗ ಸಡಿಲ ಬಿಡಿ.

ಆ ಸಡಿಲ ಬಿಡೋದೇ ಕುದುರೆಗೆ ಕಲಿಸುವ ವಿದ್ಯೆಯ ತಿರುಳು. ಬಿಗಿ ಮಾಡಿದ್ದರಿಂದ ಕುದುರೆ ಕಲಿಯಲ್ಲ, ಬಿಗಿ ಹೋದ ಗಳಿಗೆಯಿಂದ ಕಲಿಯುತ್ತೆ. ಸರಿಯಾಗಿ ಮಾಡಿದ ತಕ್ಷಣ ಬಿಟ್ಟರೆ "ಇದೇ ಬೇಕಾಗಿತ್ತು" ಅಂತ ಅದಕ್ಕೆ ಗೊತ್ತಾಗುತ್ತೆ. ಮಾಡಿದ ಮೇಲೂ ಎಳೀತಾನೇ ಇದ್ದರೆ ಏನು ಮಾಡಿದರೂ ಎಳೆತ ತಪ್ಪಲ್ಲ ಅಂತ ಕಲಿಯುತ್ತೆ. ನೀವು ಎಳೆದಷ್ಟೂ ಬಾಯಿ ಗಟ್ಟಿ ಮಾಡಿಕೊಳ್ಳುವ ಕುದುರೆಗಳೆಲ್ಲ ಹೀಗೇ ತಯಾರಾದವು. ಸುಮಾರು 2,300 ವರ್ಷದ ಹಿಂದೆ ಗ್ರೀಸಿನ ಝೆನೊಫನ್ ಅನ್ನುವ ದಂಡನಾಯಕ ಸವಾರಿಯ ಮೇಲೆ ಒಂದು ಪುಸ್ತಕ ಬರೆದ. ಯುದ್ಧದ ಕುದುರೆ ಪಳಗಿಸುವವನೇ ಸಿಟ್ಟಲ್ಲಿ ಕುದುರೆಯ ಹತ್ತಿರ ಹೋಗಬೇಡಿ ಅಂತ ಹೇಳಿದ್ದಾನೆ. ಮೆರವಣಿಗೆಯ ಕುದುರೆ ಪಳಗಿಸುವ ನಮಗೆ ಚಾವಟಿಯ ಅವಸರ ಯಾಕೆ?

6 ತಿಂಗಳಿಂದ ಒಂದು ವರ್ಷ: ಹಾಲು ಬಿಡಿಸುವ ಕಾಲ. ಈ ಹೊತ್ತಲ್ಲಿ ಮರಿಯನ್ನ ಒಂಟಿ ಮಾಡಬೇಡಿ. ಕುದುರೆ ಗುಂಪಿನ ಪ್ರಾಣಿ. ಇನ್ನೊಂದು ಕುದುರೆ ಇಲ್ಲದಿದ್ದರೆ ಒಂದು ಕತ್ತೆ, ಅದೂ ಇಲ್ಲದಿದ್ದರೆ ಸಾಧು ಹಸುವೋ ಮೇಕೆಯೋ ಜೊತೆಗಿರಲಿ. ಯಾವಾಗ ಒದೆಯಬಾರದು, ಯಾವಾಗ ದಾರಿ ಬಿಡಬೇಕು ಅನ್ನುವ ಮರ್ಯಾದೆಯನ್ನ ಮರಿಗೆ ದೊಡ್ಡ ಕುದುರೆ ಕಲಿಸಿದಷ್ಟು ಚೆನ್ನಾಗಿ ಮನುಷ್ಯ ಕಲಿಸಲಾರ.

ಇದೇ ವಯಸ್ಸಲ್ಲಿ ಮುದ್ದು ಹದ ತಪ್ಪುತ್ತೆ. ಮೂರು ತಿಂಗಳ ಮರಿ ಮುಂಗಾಲೆತ್ತಿ ಹೆಗಲ ಮೇಲಿಟ್ಟರೆ ನಗು ಬರುತ್ತೆ. ಮೂರು ವರ್ಷದ್ದು ಹಾಗೇ ಮಾಡಿದರೆ ಆಸ್ಪತ್ರೆ. ಬೆಲ್ಲ ಕೈಯಲ್ಲಿ ಕೊಟ್ಟು ಕೊಟ್ಟು ಜೇಬು ಕಚ್ಚುವ ಚಾಳಿ ನಾವೇ ಕಲಿಸ್ತೀವಿ. ಮೆರವಣಿಗೆಗೆ ಅಂತ ಎಳೇ ಮರಿಗೆ ಹಿಂಗಾಲ ಮೇಲೆ ನಿಲ್ಲೋದು, ಕುಣಿಯೋದು ಕಲಿಸೋದಂತೂ ಬೇಡವೇ ಬೇಡ. ಇಡೀ ಮೈಭಾರ ಇನ್ನೂ ಬಲಿಯದ ಹಿಂಗಾಲ ಕೀಲಿನ ಮೇಲೆ ಬೀಳುತ್ತೆ.

ಒಂದರಿಂದ ಎರಡು ವರ್ಷ: ಇದು ಲೋಕ ತೋರಿಸುವ ಕಾಲ. ಹಗ್ಗ ಹಿಡಿದು ನಡೆಸ್ತಾ ಟ್ರ್ಯಾಕ್ಟರ್, ಬೈಕು, ಕೊಡೆ, ಹಾರಾಡುವ ಟಾರ್ಪಲ್, ನೀರಿನ ಕಾಲುವೆ, ನಾಯಿ, ಎಲ್ಲ ಪರಿಚಯ ಮಾಡಿಸಿ. ದೂರದಿಂದ ಶುರು ಮಾಡಿ, ಮರಿ ತಲೆ ತಗ್ಗಿಸಿ ಉಸಿರು ಬಿಟ್ಟ ಮೇಲೆ ಹತ್ತಿರ ಹೋಗಿ. ಮೈಸೂರು ದಸರೆಗೆ ಮೊದಲು ಆನೆಗಳಿಗೂ ಕುದುರೆಗಳಿಗೂ ಕುಶಾಲತೋಪಿನ ಶಬ್ದದ ತಾಲೀಮು ಕೊಡ್ತಾರಲ್ಲ, ಅದೇ ತತ್ವ. ಮೆರವಣಿಗೆಯ ದಿನವೇ ಮೊದಲ ಬಾರಿ ಪಟಾಕಿ ಕೇಳಿದ ಕುದುರೆ ಜನರ ಮೇಲೆ ನುಗ್ಗಿದರೆ ಅದು ಕುದುರೆಯ ತಪ್ಪಲ್ಲ.

ಗಂಡು ಮರಿಯಿಂದ ತಳಿ ಬೆಳೆಸುವ ಉದ್ದೇಶ ಇಲ್ಲದಿದ್ದರೆ ಈ ವಯಸ್ಸಲ್ಲೇ ಪಶುವೈದ್ಯರಿಂದ ಶಸ್ತ್ರಚಿಕಿತ್ಸೆ ಮಾಡಿಸಿ ಬೀಜ ತೆಗೆಸಿ. "ಗಂಡಸುತನ ಹೋಗುತ್ತೆ" ಅಂತ ಹಿಂದೇಟು ಹಾಕುವವರೇ ಜಾಸ್ತಿ. ಉಳುವ ಎತ್ತಿಗೆ ನಾವು ಮಾಡಿಸುತ್ತಿದ್ದುದು ಇದನ್ನೇ. ಮಕ್ಕಳು, ಅತಿಥಿಗಳು ಓಡಾಡುವ ತೋಟದಲ್ಲಿ ಬೀಜದ ಕುದುರೆ ಕಟ್ಟಿಕೊಳ್ಳೋದು ಹುಡುಗಾಟ ಅಲ್ಲ.

ದುಂಡಗೆ ಸುತ್ತು ಹೊಡೆಸುವ ಅಭ್ಯಾಸ ಈ ವಯಸ್ಸಿಗೆ ಬೇಡ. ಸಣ್ಣ ಸುತ್ತಿನಲ್ಲಿ ಅರ್ಧ ಗಂಟೆ ಓಡಿಸಿದರೆ ಕೀಲುಗಳ ಒಂದೇ ಬದಿಗೆ ಒತ್ತಡ ಬೀಳುತ್ತೆ. ಅದರ ಬದಲು ಬೇಲಿ ಹಾಕಿದ ಬಯಲಲ್ಲಿ ತಾನಾಗೇ ಓಡಾಡಲು ಬಿಡಿ. ಮೂಳೆ ಗಟ್ಟಿಯಾಗಲು ಓಡಾಟ ಬೇಕೇ ಬೇಕು, ಬೆನ್ನ ಮೇಲಿನ ಭಾರ ಮಾತ್ರ ಬೇಡ.

ಎರಡರಿಂದ ಮೂರು ವರ್ಷ: ಈಗ ಸಾಮಾನು ಪರಿಚಯ. ಮೊದಲು ಬೆನ್ನ ಮೇಲೆ ಗೋಣಿಚೀಲ, ಆಮೇಲೆ ಹೊಟ್ಟೆಪಟ್ಟಿ, ಆಮೇಲೆ ಖಾಲಿ ಜೀನು, ಹತ್ತು ನಿಮಿಷ. ಕಡಿವಾಣ ಹಾಕುವ ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ. ಹಾಲುಹಲ್ಲು ಬೀಳುವ ಕಾಲ ಇದು, ಬಾಯಿ ನೋಯುತ್ತಿರುವಾಗ ಕಬ್ಬಿಣ ಇಟ್ಟರೆ ಜೀವನಪೂರ್ತಿ ಕಡಿವಾಣ ಕಂಡರೆ ತಲೆ ಎತ್ತುತ್ತೆ.

ಇಲ್ಲಿ ನಮ್ಮ ರೈತರಿಗೆ ಒಂದು ಅನುಕೂಲ ಇದೆ. ಉದ್ದನೆಯ ಲಗಾಮು ಕಟ್ಟಿ, ಕುದುರೆಯ ಒದೆತಕ್ಕೆ ಸಿಗದಷ್ಟು ಹಿಂದೆ ನಡೆಯುತ್ತಾ, ಎಡ, ಬಲ, ನಿಲ್ಲು, ಹೋಗು ಕಲಿಸುವ ಪದ್ಧತಿ ಇದೆ. ನೇಗಿಲ ಹಿಂದೆ ನಡೆದವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ತುಂಬುವ ಹೊತ್ತಿಗೆ ಮರಿಗೆ ತಿರುಗೋದು, ನಿಲ್ಲೋದು ಎಲ್ಲ ಬರುತ್ತೆ. ಬೆನ್ನ ಮೇಲೆ ಆಳು ಬರೋದಷ್ಟೇ ಬಾಕಿ.

ಮೂರು ತುಂಬಿದ ಮೇಲೆ: ಮೊದಲ ವಾರ ಬರೀ ಬೆನ್ನ ಮೇಲೆ ಅಡ್ಡಡ್ಡ ಒರಗಿ ಇಳಿಯೋದು. ಆಮೇಲೆ ಕೂರೋದು, ಒಬ್ಬರು ಹಗ್ಗ ಹಿಡಿದಿರಲಿ. ದಿನಕ್ಕೆ 10-15 ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ, ನಡಿಗೆ ಮಾತ್ರ. ಕುಕ್ಕುಲೋಟ ಸ್ವಲ್ಪ ಸ್ವಲ್ಪವಾಗಿ ನಾಲ್ಕರ ಹೊತ್ತಿಗೆ. ನಾಗಾಲೋಟ, ಬೆಟ್ಟ ಹತ್ತೋದು, ಗಂಟೆಗಟ್ಟಲೆ ದಾರಿ, ಇವೆಲ್ಲ ಐದರ ಹತ್ತಿರ.

ಯಾರು ಕೂರಬೇಕು ಅನ್ನೋದಕ್ಕೂ ಲೆಕ್ಕ ಇದೆ. ಬೆಳೆದ ಕುದುರೆಗೇ ಸವಾರ ಮತ್ತು ಜೀನು ಸೇರಿ ಅದರ ತೂಕದ ಶೇ. 20 ಮೀರಬಾರದು ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಎಳೆಯದಕ್ಕೆ ಶೇ. 15 ಇಟ್ಟುಕೊಂಡರೆ ಕ್ಷೇಮ. 350 ಕೆಜಿಯ ಬೆಳೆದ ಕುದುರೆಗೆ 70 ಕೆಜಿ, ಅದರಲ್ಲಿ ಜೀನೇ 8-10 ಕೆಜಿ. 300 ಕೆಜಿಯ ಮೂರು ವರ್ಷದ ಮರಿಗೆ 45 ಕೆಜಿ. ಅಂದರೆ ಮರಿ ಕೊಂಡ ಯಜಮಾನರಲ್ಲಿ ಹೆಚ್ಚಿನವರು ಅದರ ಮೊದಲ ಸವಾರ ಆಗೋಕೆ ಬರಲ್ಲ. ಹಗುರ ಮೈಯ, ಸವಾರಿ ಬಲ್ಲವರೇ ಬೇಕು.

ತೂಕದ ಯಂತ್ರ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲ ಹಿಂಬದಿಯಲ್ಲಿ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನ ಅದರಿಂದಲೇ ಗುಣಿಸಿ, ಬಂದದ್ದನ್ನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬೆಳೆದ ಕುದುರೆಯ ತೂಕ ಕೆಜಿಯಲ್ಲಿ ಸುಮಾರಾಗಿ ಸಿಗುತ್ತೆ. 170 ಸೆಂ.ಮೀ. ಸುತ್ತಳತೆ, 155 ಸೆಂ.ಮೀ. ಉದ್ದ ಇದ್ದರೆ ಸುಮಾರು 377 ಕೆಜಿ.

ಬೂಸಾ ಮತ್ತು ನೇಪಿಯರ್ ನಂಬಿದರೆ ಮೂಳೆ ನಿಲ್ಲಲ್ಲ

ತೋಟಗಾರಿಕೆ ಓದಿದವನಾಗಿ ಇದನ್ನ ಸ್ವಲ್ಪ ಒತ್ತಿ ಹೇಳಲೇಬೇಕು. ಕುದುರೆ ಹಸುವಲ್ಲ. ಅದಕ್ಕೆ ಮೆಲುಕು ಇಲ್ಲ, ತಿಂದದ್ದನ್ನ ವಾಂತಿ ಮಾಡಲೂ ಬರಲ್ಲ. ಹಸುವಿಗೆ ಹಾಕಿದ್ದನ್ನೇ ಎರಡು ಬುಟ್ಟಿ ಇದಕ್ಕೂ ಹಾಕಿದರೆ ಆಯ್ತು ಅನ್ನೋದು ಸರಿಯಲ್ಲ.

ಗೋಧಿ ಬೂಸಾದಲ್ಲಿ ಸುಣ್ಣದ ಅಂಶಕ್ಕಿಂತ ರಂಜಕ ಹತ್ತಿರ ಹತ್ತು ಪಟ್ಟು ಇರುತ್ತೆ. ಅಕ್ಕಿ ತೌಡಿನದೂ ಅದೇ ಕಥೆ. ಬೆಳೆಯುವ ಮರಿಗೆ ಬೇಕಾದ್ದು ಇದರ ಉಲ್ಟಾ, ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಸುಣ್ಣ. ಇದರ ಮೇಲೆ ನೇಪಿಯರ್, ಸೆಟೇರಿಯ, ಗಿನಿ ಹುಲ್ಲಿನಂಥ ಬಿಸಿಲು ನಾಡಿನ ಹುಲ್ಲುಗಳಲ್ಲಿ ಆಕ್ಸಲೇಟ್ ಇರುತ್ತೆ. ಅದು ಇರುವ ಸುಣ್ಣವನ್ನೂ ಹಿಡಿದಿಟ್ಟು ಮೈಗೆ ಹತ್ತದ ಹಾಗೆ ಮಾಡುತ್ತೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನ ಬಹುಮಟ್ಟಿಗೆ ಅರಗಿಸಿಬಿಡುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಆಗ ರಕ್ತಕ್ಕೆ ಬೇಕಾದ ಸುಣ್ಣವನ್ನ ಮೈ ತನ್ನ ಮೂಳೆಯಿಂದಲೇ ಕರಗಿಸಿಕೊಳ್ಳುತ್ತೆ. ದವಡೆ, ಮುಖದ ಮೂಳೆ ಉಬ್ಬಿ, ಕಾಲು ಬದಲಿಸಿ ಬದಲಿಸಿ ಕುಂಟುವ ರೋಗಕ್ಕೆ ಇದೇ ಮೂಲ. ನೇಪಿಯರ್ ಮತ್ತು ಬೂಸಾ, ಎರಡೇ ತಿಂದು ಬೆಳೆದ ಮರಿಯ ಮೇಲೆ ಎರಡು ವರ್ಷಕ್ಕೇ ಜೀನು ಬಿಗಿಯೋದು ಅಂದರೆ ಗೆದ್ದಲು ತಿಂದ ತೊಲೆಯ ಮೇಲೆ ಅಟ್ಟ ಕಟ್ಟಿದ ಹಾಗೆ.

ಮದ್ದು ನಮ್ಮ ಭಾಷೆಯಲ್ಲೇ ಇದೆ. ಲೂಸರ್ನ್ ಸೊಪ್ಪಿಗೆ ಕನ್ನಡದಲ್ಲಿ ಕುದುರೆ ಮೆಂತ್ಯ ಅಂತ ಸುಮ್ಮನೆ ಕರೆದಿಲ್ಲ. ಸುಣ್ಣ ಹೇರಳ, ಪ್ರೋಟೀನೂ ಚೆನ್ನಾಗಿದೆ, ಒಮ್ಮೆ ಬಿತ್ತಿದರೆ ಎರಡು ಮೂರು ವರ್ಷ ಕೊಯ್ಲು. ನಾಲ್ಕೈದು ಗುಂಟೆ ಕುದುರೆ ಮೆಂತ್ಯ ಎಬ್ಬಿಸಿಕೊಂಡ ಮೇಲೆ ಮರಿ ತನ್ನಿ ಅಂತ ನಾನು ಹೇಳೋದು. ಜೊತೆಗೆ ರಾಗಿ ಹುಲ್ಲು, ಒಣಗಿಸಿದ ಗರಿಕೆ, ಬೇಯಿಸಿದ ಹುರುಳಿ ಹಿತಮಿತವಾಗಿ, ಉಪ್ಪಿನ ಗಟ್ಟಿ, ಯಾವಾಗಲೂ ಶುದ್ಧ ನೀರು. ದಿನಕ್ಕೆ ಮೈತೂಕದ ಸುಮಾರು ಶೇ. 2ರಷ್ಟು ಒಣಮೇವಿನ ಲೆಕ್ಕ, ಒಂದೇ ಸಲಕ್ಕೆ ಸುರಿಯದೆ ಹಲವು ಸಲ.

ಕೆಲವು ಕಟ್ಟೆಚ್ಚರ. ಬೂಸ್ಟು ಹಿಡಿದ ಮೆಕ್ಕೆಜೋಳ ಕುದುರೆಯ ಮೆದುಳನ್ನೇ ಕೆಡಿಸುತ್ತೆ, ಒಂದು ಹಿಡಿಯೂ ಬೇಡ. ಕೋಳಿ ತೀನಿ, ಕೆಲವು ದನದ ತೀನಿಗಳಲ್ಲಿ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧಿ ಕುದುರೆಗೆ ಪ್ರಾಣಾಂತಿಕ. ನಾವು ಸಾವಯವದವರು ಬೇಲಿಗೆ, ಹಸಿರೆಲೆ ಗೊಬ್ಬರಕ್ಕೆ ಹಾಕಿರುವ ಗಿಡಗಳನ್ನೂ ಒಮ್ಮೆ ಎಣಿಸಿಕೊಳ್ಳಿ. ಸುಬಾಬುಲ್ ಹೆಚ್ಚು ತಿಂದರೆ ಬಾಲ, ಕುತ್ತಿಗೆಯ ಕೂದಲು ಉದುರುತ್ತೆ. ಗ್ಲಿರಿಸಿಡಿಯಾ, ಲಂಟಾನ ಒಳ್ಳೇದಲ್ಲ. ಬೆಣ್ಣೆಹಣ್ಣಿನ ಎಲೆ ವಿಷ. ಕಣಗಿಲೆ ಮತ್ತು ಹರಳು ಬೀಜ ಸ್ವಲ್ಪವೇ ತಿಂದರೂ ಜೀವ ಹೋಗಬಹುದು. ಇನ್ನು ಧನುರ್ವಾಯು. ಸಾಕುಪ್ರಾಣಿಗಳಲ್ಲಿ ಕುದುರೆಗೇ ಇದು ಸುಲಭವಾಗಿ ತಗಲೋದು. ಮರಿಗೆ ಲಸಿಕೆ ಹಾಕಿಸಿ. ಲದ್ದಿ ಮುಟ್ಟುವ ನೀವೂ ಟಿಟಿ ಹಾಕಿಸಿಕೊಳ್ಳಿ.

"ರೇಸ್ ಕುದುರೆ ಎರಡಕ್ಕೇ ಓಡುತ್ತಲ್ಲ?"

ಈ ಪ್ರಶ್ನೆ ಬರದೆ ಇರಲ್ಲ. ಹೌದು, ಥರೋಬ್ರೆಡ್ ಕುದುರೆಗಳು ಎರಡನೇ ವಯಸ್ಸಿಗೇ ರೇಸಿಗೆ ಇಳಿಯುತ್ತವೆ. ಅವಕ್ಕೆ ಹುಟ್ಟಿದಾಗಿನಿಂದ ಅಳೆದು ತೂಗಿದ ಮೇವು, ದಿನಾ ನೋಡುವ ವೈದ್ಯರು, ಹದ ಮಾಡಿದ ಓಟದ ಅಂಕಣ, ಬೆನ್ನ ಮೇಲೆ 50-60 ಕೆಜಿಯ ಜಾಕಿ, ಅದೂ ದಿನಕ್ಕೆ ಕೆಲವೇ ನಿಮಿಷ. ಅಷ್ಟಿದ್ದರೂ ಎಷ್ಟೋ ಕುದುರೆಗಳು ಕಾಲು ಕೆಟ್ಟು ಬೇಗನೇ ಹೊರಬೀಳುತ್ತವೆ. ಆ ಉದ್ಯಮದ ಲೆಕ್ಕದಲ್ಲಿ ಅದು ನಷ್ಟದ ಒಂದು ಸಾಲು. ನಮ್ಮ ತೋಟದಲ್ಲಿ ಇರೋದೇ ಒಂದು ಕುದುರೆ.

ಸವಾರಿಗೆ ಅಂತಲೇ ಕುದುರೆ ಬೆಳೆಸುವವರನ್ನ ನೋಡಿ. ಐಸ್‌ಲ್ಯಾಂಡಿನವರು ತಮ್ಮ ಕುದುರೆಯನ್ನ ವಾಡಿಕೆಯಂತೆ ನಾಲ್ಕು ವರ್ಷದವರೆಗೆ ಏರುವುದಿಲ್ಲ. ವಿಯೆನ್ನಾದ ಹೆಸರಾಂತ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿ ಲಿಪಿಜ್ಜಾನರ್ ಗಂಡುಕುದುರೆಗಳ ಪಾಠ ಶುರುವಾಗೋದೂ ನಾಲ್ಕರ ಸುಮಾರಿಗೆ. ಅಲ್ಲಿಂದ ಪೂರ್ತಿ ತಯಾರಾಗಲು ಇನ್ನೂ ಆರು ವರ್ಷ. ಆ ಕುದುರೆಗಳು ಇಪ್ಪತ್ತು ದಾಟಿದರೂ ಕೆಲಸ ಮಾಡುತ್ತವೆ.

"ನಮ್ಮ ಕಡೆ ಕುರಿಗಾರರ ತಟ್ಟುಗಳು ಎಷ್ಟು ಹೊರುತ್ತವೆ" ಅಂತಲೂ ಹೇಳ್ತಾರೆ. ಭೀಮಾ ತೀರದ ಆ ಗಿಡ್ಡ ಕುದುರೆ ನಿಜಕ್ಕೂ ಗಟ್ಟಿ. ಭೀಮಥಡಿ ಅನ್ನುವ ಹೆಸರಲ್ಲಿ ಅದಕ್ಕೆ ಈಚೆಗೆ ಸ್ವತಂತ್ರ ತಳಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ಅದು ಕುರಿಮಂದೆಯ ಹೆಜ್ಜೆಗೆ ನಡೆಯುತ್ತೆ, ದಾರಿಯುದ್ದಕ್ಕೂ ಮೇಯುತ್ತೆ, ಮರಿಗಳು ತಾಯಿಯ ಹಿಂದೆ ಬರಿಮೈಯಲ್ಲಿ ನಡೆದೇ ಬೆಳೆಯುತ್ತವೆ. ಅದರಿಂದ ಕಲಿಯೋದಿದ್ದರೆ ಆ ನಿಧಾನವನ್ನ ಕಲಿಯೋಣ.

ಲೆಕ್ಕ ಹಾಕಿಯೇ ತನ್ನಿ

ಹಾಲು ಬಿಟ್ಟ ಆರು ತಿಂಗಳಿಂದ ಮೂರು ವರ್ಷದವರೆಗೆ, ದಿನಕ್ಕೆ ಸರಾಸರಿ 5 ಕೆಜಿ ಒಣಮೇವು ಅಂದರೂ ಒಟ್ಟು ನಾಲ್ಕೂವರೆ ಟನ್. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸೋದು, ಅಂದರೆ ಹದಿನಾರರಿಂದ ಇಪ್ಪತ್ತೆರಡು ಸಲ. ಜಂತು ಔಷಧಿ, ಲಸಿಕೆ, ಹಲ್ಲಿನ ಪರೀಕ್ಷೆ. ದಿನಾ ಒಂದು ಗಂಟೆ ನಿಮ್ಮ ಸಮಯ. ಈ ಅವಧಿಯಲ್ಲಿ ಆದಾಯ ಅಂತ ಬರೋದು ಲದ್ದಿ ಗೊಬ್ಬರ ಒಂದೇ. ಅದು ಒಳ್ಳೇ ಗೊಬ್ಬರ, ತಿಪ್ಪೆಗೆ ಬೇಗ ಬಿಸಿ ಕೊಡುತ್ತೆ, ಆದರೆ ಅದಕ್ಕೋಸ್ಕರ ಕುದುರೆ ಸಾಕಬೇಕಾಗಿಲ್ಲ.

ಆದ್ದರಿಂದ ಮಕ್ಕಳ ಸವಾರಿಗೆ, ಹೋಂಸ್ಟೇ ಅತಿಥಿಗಳಿಗೆ ಅಂತ ಕುದುರೆ ಬೇಕಾದವರು ಏಳೆಂಟು ವರ್ಷ ದಾಟಿದ, ಪಳಗಿದ, ಸಾಧು ಕುದುರೆಯನ್ನೇ ನೋಡಿ. ಬೆಲೆ ಜಾಸ್ತಿ ಅನ್ನಿಸಬಹುದು. ಆ ಬೆಲೆಯಲ್ಲಿ ಇನ್ನೊಬ್ಬರು ಹಾಕಿದ ವರ್ಷಗಳ ಮೇವೂ ತಾಳ್ಮೆಯೂ ಸೇರಿದೆ. ಸವಾರಿ ಬರದವರು ಎಳೇ ಮರಿಯನ್ನ ತಂದು ಜೊತೆಜೊತೆಗೇ ಕಲಿಯೋಣ ಅಂದುಕೊಳ್ಳೋದು ಇಬ್ಬರಿಗೂ ಒಳ್ಳೇದಲ್ಲ.

ಮರಿಯನ್ನೇ ಬೆಳೆಸುವ ಆಸೆ ಇದ್ದವರಿಗೆ ನಾನು ಬೇಡ ಅನ್ನಲ್ಲ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 6.25 ಲಕ್ಷ ಇದ್ದ ಕುದುರೆ ಮತ್ತು ತಟ್ಟುಗಳು 2019ರ ಗಣತಿಗೆ ಸುಮಾರು 3.4 ಲಕ್ಷಕ್ಕೆ ಇಳಿದಿದ್ದವು. ಕುದುರೆ ಕಮ್ಮಿಯಾದಂತೆ ಲಾಳ ಕಟ್ಟುವವರೂ, ಕುದುರೆ ಬಲ್ಲ ಕೈಗಳೂ ಕಮ್ಮಿಯಾಗುತ್ತಿವೆ. ಒಳ್ಳೆಯದಾಗಿ ಬೆಳೆಸುವವರು ಊರಿಗೊಬ್ಬರಿದ್ದರೂ ಆ ವಿದ್ಯೆ ಉಳಿಯುತ್ತೆ.

ನಮ್ಮ ಮರಿಗೆ ಈಗ ಎರಡು ಮುಕ್ಕಾಲು ವರ್ಷ. ನೋಡಿದವರೆಲ್ಲ "ಇನ್ನೂ ಹತ್ತಿಲ್ವಾ?" ಅಂತಾರೆ. ಕಾಲೆತ್ತು ಅಂದರೆ ಎತ್ತುತ್ತೆ, ಟ್ರ್ಯಾಕ್ಟರ್ ಪಕ್ಕ ನಿಲ್ಲುತ್ತೆ, ಉದ್ದ ಲಗಾಮಿನಲ್ಲಿ ಅಡಿಕೆ ಸಾಲುಗಳ ನಡುವೆ ತಿರುಗುತ್ತೆ. ಮೂರು ತುಂಬಿದ ಮೇಲೂ ಪಶುವೈದ್ಯರು ಕಾಲು, ಬೆನ್ನು ನೋಡಿ ಆಗಬಹುದು ಅಂದರೆ ಮಾತ್ರ ಮುಂದಿನ ಹೆಜ್ಜೆ. ನೀವೂ ಜೀನು ಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ಮರಿಯ ಬಾಯಿ ಬಿಡಿಸಿ ಹಲ್ಲು ಎಣಿಸಿ. ಆಮೇಲೆ ತೋಟದ ಮೂಲೆಯಲ್ಲಿ ನಾಲ್ಕು ಗುಂಟೆ ಕುದುರೆ ಮೆಂತ್ಯ ಬಿತ್ತಿ. ಜೀನು ಅಂಗಡಿಯಲ್ಲಿ ಯಾವತ್ತಾದರೂ ಸಿಗುತ್ತೆ.